ಜೋಡಿ ನಳಿಗೆ ಕೋವಿ ಕ್ಲೀನ್ ಮಾಡಿದಾಗೆಲ್ಲ ಬೆರಳಿಗೆ ಗಾಯ, ಯಾರಾದ್ರೂ ಪರಿಹಾರ ಹೇಳಿ

ಪಾವಗಡ_ಕಡ್ಲೆಕಾಯಿ:
ಎಲ್ರಿಗೂ ನಮಸ್ಕಾರ. ರೋಸಿಹೋಗಿ ಬರೀತಿದ್ದೀನಿ. ಕೋವಿ ಕ್ಲೀನ್ ಮಾಡಿದಾಗೆಲ್ಲ ಕೈಗೆ ಗಾಯ. ಒಂದ್ಸಲ ಚರ್ಮ ಕಿತ್ಕೊಂಡು ಬರುತ್ತೆ, ಇನ್ನೊಂದ್ಸಲ ಬೆರಳು ಊದ್ಕೊಳ್ಳುತ್ತೆ. ಎಲೆಕ್ಷನ್‌ಗೆ ಅಂತ ಠಾಣೆಲಿ ಕೋವಿ ಇಟ್ಟು ತರೋಕೆ ಮುಂಚೆ ಇದ್ಯಾವ್ದೂ ಇರ್ಲಿಲ್ಲ. ಈಗ ಬಲಗೈಯಲ್ಲಿ ಪೆನ್ ಹಿಡಿಯೋಕೂ ಕಷ್ಟ. ಮನೇಲಿ ಅದನ್ನ ಮಾರಿಬಿಡಿ ಅಂತಾರೆ. ಅಪ್ಪನ ಕಾಲದ್ದು, ಬೆಳೆ ರಕ್ಷಣೆ ಲೈಸೆನ್ಸ್, ನನ್ನ ಹೆಸರಿಗೆ ಮಾಡಿಸ್ಕೊಳ್ಳೋಕೆ ಎಷ್ಟು ಓಡಾಡಿದ್ದೀನೋ ನನಗೇ ಗೊತ್ತು. ಮಾರಲ್ಲ. ಏನ್ ಮಾಡ್ಬೇಕು ಹೇಳಿ. ಗ್ಲೌಸ್ ಹಾಕಿ ಅಂತ ಮಾತ್ರ ಹೇಳ್ಬೇಡಿ, ಹಾಕಿ ನೋಡಾಗಿದೆ.

ಜೋಡುನಳಿಗೆ_ತುಮಕೂರು:
ನಡುಬೆರಳು ತಾನೆ? ಬಲಗೈ ನಡುಬೆರಳಿನ ಮೇಲ್ಗೆಣ್ಣು ಊದಿರುತ್ತೆ ನೋಡಿಕೊಳ್ಳಿ. ಇದು ಹಳೇ ಕಾಯಿಲೆ. ಗುಂಡು ಹಾರಿ ಕೋವಿ ಹಿಂದಕ್ಕೆ ಒದ್ದಾಗ ಟ್ರಿಗರ್ ಗಾರ್ಡಿನ (ಟ್ರಿಗರ್ ಸುತ್ತ ಇರೋ ಬಳೆ) ಹಿಂಭಾಗ ಬಂದು ನಡುಬೆರಳಿಗೆ ಬಡಿಯುತ್ತೆ. ಬಟ್ (ಭುಜಕ್ಕೆ ಒತ್ತಿ ಹಿಡಿಯೋ ಮರದ ಭಾಗ) ಉದ್ದ ಸಾಲದಿದ್ದರೆ ಹೀಗೇ ಆಗೋದು. ನಳಿಗೆಗೊಂದರಂತೆ ಎರಡು ಟ್ರಿಗರ್ ಇರುತ್ತಲ್ಲ, ಮುಂದಿನದರಿಂದ ಬಟ್ಟಿನ ಹಿಂಬದಿ ಮಧ್ಯಕ್ಕೆ ಟೇಪ್ ಹಿಡಿದು ಅಳೆಯಿರಿ. ಸಾಧಾರಣ ಎತ್ತರದವರಿಗೆ 14 ರಿಂದ 14.5 ಇಂಚು ಬೇಕು. ನಿಮ್ಮ ತಂದೆಯವರು ಗಿಡ್ಡಗಿದ್ದರಾ? ಅವರ ಅಳತೆಗೆ ಕುಯ್ಯಿಸಿರಬಹುದು. ಹಿಂದೆ ರಬ್ಬರ್ ಪ್ಯಾಡ್ ಹಾಕಿಸಿ, ಸರಿಹೋಗುತ್ತೆ.

ಶ್ರೀನಿವಾಸಪುರ_ಮಾವು:
ಜೋಡುನಳಿಗೆ ಅಣ್ಣ ಹೇಳಿದ್ದು ಕರೆಕ್ಟ್. ನಾನು ಸೈಕಲ್ ಟ್ಯೂಬಿನ ತುಂಡು ಕುಯ್ದು ಗಾರ್ಡಿನ ಹಿಂದಕ್ಕೆ ತೂರಿಸಿದ್ದೀನಿ. ಒಂದು ಪೈಸೆ ಖರ್ಚಿಲ್ಲ.

ಚಿಂತಾಮಣಿ_ಸ್ಕೀಟ್:
ಮಾವು ಅವರೇ, ದಯವಿಟ್ಟು ಆ ಟ್ಯೂಬ್ ಇವತ್ತೇ ತೆಗೆದುಹಾಕಿ. ಸಡಿಲವಾಗಿ ಮುಂದಕ್ಕೆ ಜಾರಿದರೆ ಗಾರ್ಡಿನ ಒಳಗೆ ಬಂದು ಹಿಂದಿನ ಟ್ರಿಗರ್‌ಗೆ ತಾಗುತ್ತೆ. ಬೆರಳು ಉಳಿಸಿಕೊಳ್ಳೋಕೆ ಹೋಗಿ ಪಕ್ಕದಲ್ಲಿ ನಿಂತವರ ಪ್ರಾಣಕ್ಕೆ ಸಂಚಕಾರ ತಂದುಕೊಳ್ಳಬೇಡಿ. ಗಾರ್ಡಿಗೆ ಬಿಗಿಯಾಗಿ ಕೂರುವ ರಬ್ಬರ್ ಸಿಗುತ್ತೆ, ಅದು ಬೇರೆ ಮಾತು.

ಶ್ರೀನಿವಾಸಪುರ_ಮಾವು:
ನಂದು ಬಿಗಿಯಾಗೇ ಇದೆ ಮೇಡಂ. ವರ್ಷಗಟ್ಟಲೆ ಬಳಸ್ತಿದ್ದೀನಿ.

ಚಿಂತಾಮಣಿ_ಸ್ಕೀಟ್:
ಬಿಸಿಲಿಗೆ, ಎಣ್ಣೆಗೆ ರಬ್ಬರ್ ಹಿಗ್ಗುತ್ತೆ, ಮೆತ್ತಗಾಗುತ್ತೆ. ವರ್ಷಗಟ್ಟಲೆ ಹಳೇದಾಗಿದ್ದಕ್ಕೇ ತೆಗೀರಿ ಅಂತಿರೋದು.

ಪಾವಗಡ_ಕಡ್ಲೆಕಾಯಿ:
ಸಾರ್, ನಾನು ಕೇಳ್ತಿರೋದು ಹೊಡೆಯೋ ವಿಷಯ ಅಲ್ಲ. ಕ್ಲೀನ್ ಮಾಡೋ ವಿಷಯ. ಬಟ್ ಉದ್ದ ಇದಕ್ಕೆ ಯಾಕೆ ಬಂತು?

ಜೋಡುನಳಿಗೆ_ತುಮಕೂರು:
ಊತ ಅಂದ್ರಲ್ಲ ನೀವು? ಸುಮ್ನೆ ಒರೆಸೋವಾಗ ಬೆರಳು ಯಾಕೆ ಊದುತ್ತೆ? ಮೊದಲು ಅಳತೆ ತಗೊಂಡು ಹಾಕಿ. ನಮ್ಮ ತಾತನ ಕೋವಿ, ವೆಬ್ಲಿ ಸ್ಕಾಟ್‌ಗೂ ಇದೇ ತೊಂದರೆ ಇತ್ತು, ಪ್ಯಾಡ್ ಹಾಕಿಸಿದ ಮೇಲೆ ಹೋಯ್ತು. ಬರ್ಮಿಂಗ್‌ಹ್ಯಾಮ್ ಕೆಲಸ, ಆ್ಯನ್ಸನ್ ಡೀಲಿ ಬಾಕ್ಸ್‌ಲಾಕ್, ಲಾಕ್ ಅಂದ್ರೆ ಗುಂಡು ಹಾರಿಸೋ ಯಂತ್ರ. 1875ರ ಪೇಟೆಂಟು, ಇವತ್ತಿಗೂ ಎಷ್ಟೋ ಜೋಡಿ ನಳಿಗೆಗಳು ಅದನ್ನೇ ಅನುಸರಿಸೋದು. ಮುಂದಿನ ಟ್ರಿಗರ್‌ಗೆ ಕೀಲು ಇದೆ ಅದಕ್ಕೆ, ಹಿಂದಿನ ಟ್ರಿಗರ್ ಎಳೆದಾಗ ತೋರುಬೆರಳಿನ ಹಿಂಭಾಗಕ್ಕೆ ತಾಗಿದರೂ ಮುಂದಕ್ಕೆ ಬಾಗಿಕೊಳ್ಳುತ್ತೆ. ಈಗ ಎಲ್ಲರೂ ಆ ಥರ ಮಾಡಲ್ಲ. ಫೋಟೋ ಹಾಕ್ತೀನಿ ಇರಿ.

ಗೌರಿಬಿದನೂರು_ಪಂಪ್:
ಸೂಪರ್ ಪೀಸ್ ಅಣ್ಣ! ಮರದ ಮೇಲಿನ ಗೀರು ಕೆಲಸ ಎಷ್ಟು ಸಣ್ಣಗಿದೆ! ನಂದು ಪಂಪ್ ಆ್ಯಕ್ಷನ್, ಮುಂದಿನ ಹಿಡಿ ಹಿಂದೆ ಮುಂದೆ ಎಳೆದು ತೋಟಾ ತುಂಬೋದು. ಮ್ಯಾಗಜೀನ್ (ತೋಟಾ ಇರೋ ಕೊಳವೆ) ತುದಿಯ ಕ್ಯಾಪ್ ಬಿಚ್ಚೋವಾಗ ಒಳಗಿನ ಸ್ಪ್ರಿಂಗ್ ಹುಷಾರು, ಮುಖ ಅಡ್ಡ ಇಟ್ಟರೆ ಕಣ್ಣಿಗೇ ಬರುತ್ತೆ. ನಾನು ಒಂದು ಬಟ್ಟೆ ಮುಚ್ಚಿ ಹೆಬ್ಬೆರಳು ಒತ್ತಿಕೊಂಡೇ ತಿರುಗಿಸೋದು.

ಪಾವಗಡ_ಕಡ್ಲೆಕಾಯಿ:
ನನ್ನ ಹತ್ರ ಇರೋದು ಪಂಪ್ ಅಲ್ಲ. 😞

ಕೋಲಾರ_ನರ್ಸಕ್ಕ:
ತಮ್ಮಾ, ಯಾವ ಬೆರಳು, ಯಾವ ಭಾಗ, ಯಾವ ಹೊತ್ತಲ್ಲಿ ಆಯ್ತು ಅಂತ ಇನ್ನೂ ನೀವು ಹೇಳೇ ಇಲ್ಲ. ಅದಿರಲಿ, ಮೊದಲು ಗಾಯಕ್ಕೆ ಏನು ಮಾಡಿದ್ರಿ?

ಪಾವಗಡ_ಕಡ್ಲೆಕಾಯಿ:
ಸೀಮೆಎಣ್ಣೆ ಹೇಗಿದ್ರೂ ಕೈಯಲ್ಲೇ ಇತ್ತು, ಅದರಲ್ಲೇ ತೊಳ್ಕೊಂಡು ಅರಿಶಿನ ಒತ್ತಿದೆ ಅಕ್ಕ. ತುಕ್ಕು ಹಿಡಿದ ಕಬ್ಬಿಣ ತಾಗಿದ್ದಲ್ಲ, ನಂಜಾಗುತ್ತಾ ಅಂತ ಭಯ.

ಕೋಲಾರ_ನರ್ಸಕ್ಕ:
ಸೀಮೆಎಣ್ಣೆ ಗಾಯಕ್ಕೆ ಬೇಡವೇ ಬೇಡ. ಹಸಿ ಚರ್ಮವನ್ನ ಸುಡುತ್ತೆ, ದಿನವೂ ತಾಗಿದರೆ ಗಾಯವಿಲ್ಲದ ಚರ್ಮವೂ ಒಡೆದು ತುರಿಕೆ ಶುರುವಾಗುತ್ತೆ. ನಲ್ಲಿ ನೀರು ಬಿಟ್ಟು ಸೋಪು ಹಾಕಿ ತೊಳೀರಿ, ಒಣ ಬಟ್ಟೆ ಕಟ್ಟಿ, ಅಷ್ಟೇ. ಅರಿಶಿನ, ಕಾಫಿಪುಡಿ, ಸುಣ್ಣ ಏನೂ ತುಂಬಬೇಡಿ. ತೊಳೆಯೋಕೆ ಬಂದಾಗ ಅದನ್ನ ಕೆರೆದು ತೆಗೆಯೋದೇ ನಮಗೊಂದು ಕೆಲಸ, ನಿಮಗೊಂದು ನೋವು.

ಧನುರ್ವಾಯು ಬರೋದು ತುಕ್ಕಿನಿಂದ ಅಲ್ಲ. ಆ ರೋಗಾಣು ಮಣ್ಣಲ್ಲಿ, ಸಗಣಿಯಲ್ಲಿ ಇರುತ್ತೆ. ಹೊಲ, ಕೊಟ್ಟಿಗೆ ಇರುವ ಮನೆ ಅಂದ್ರೆ ಕೈಯಲ್ಲಿ ಅದು ಇರೋ ಸಾಧ್ಯತೆ ಜಾಸ್ತಿ. ಗಾಯ ಚೊಕ್ಕಟವಾಗಿದ್ದು ಕೊನೇ ಚುಚ್ಚುಮದ್ದಿಗೆ 10 ವರ್ಷ ಆಗಿದ್ದರೆ, ಇಲ್ಲಾ ಗಾಯ ಕೊಳಕಾಗಿದ್ದು 5 ವರ್ಷ ಆಗಿದ್ದರೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹಾಕಿಸಿಕೊಳ್ಳಿ. ಯಾವಾಗ ಹಾಕಿಸಿದ್ದು ಅಂತ ನೆನಪಿಲ್ಲದಿದ್ದರೂ ಹೋಗಿ. ಬೆರಳು ಮಡಚೋಕೆ ಆಗದಿದ್ದರೆ, ಕೆಂಪು ಮೇಲಕ್ಕೆ ಹರಡ್ತಿದ್ದರೆ ನಾಳೆಗೆ ಮುಂದೂಡಬೇಡಿ.

ಜೋಡುನಳಿಗೆ_ತುಮಕೂರು:
ತುಕ್ಕಿನ ಮೊಳೆ ಚುಚ್ಚಿಯೇ ಧನುರ್ವಾಯು ಆಗೋದು ಅಂತ ನಾವು ಚಿಕ್ಕಂದಿನಿಂದ ಕೇಳಿದ್ದು ಸುಳ್ಳಾ?

ಕೋಲಾರ_ನರ್ಸಕ್ಕ:
ಮೊಳೆ ಮಣ್ಣಲ್ಲಿ ಬಿದ್ದಿರುತ್ತೆ ಸಾರ್, ಆಳವಾಗಿ ಚುಚ್ಚುತ್ತೆ, ಗಾಳಿ ಆಡದ ಜಾಗದಲ್ಲಿ ರೋಗಾಣು ಬೆಳೆಯುತ್ತೆ. ಮಣ್ಣು ಅಂಟಿದ ಹೊಸ ಮೊಳೆಯಿಂದಲೂ ಅಷ್ಟೇ ಅಪಾಯ.

ತಿಪಟೂರು_ಕೊಬ್ಬರಿ:
ತುಕ್ಕು ಅಂದ್ರಲ್ಲ, ಅದಕ್ಕೆ ಹೇಳ್ತೀನಿ. ಎಲೆಕ್ಷನ್‌ಗೆ ಠೇವಣಿ ಇಟ್ಟು ವಾಪಸ್ ತಂದ ಕೋವಿಗೆ ತುಕ್ಕು ಸಹಜ. ಕೊಡೋಕೆ ಮುಂಚೆಯೇ ನಳಿಗೆ ಒಳಗೂ ಹೊರಗೂ ತೆಳುವಾಗಿ ಎಣ್ಣೆ ಸವರಿ ಕೊಡ್ಬೇಕು. ನಮ್ಮ ಮನೇಲಿ ತಲೆಮಾರಿನಿಂದ ಶುದ್ಧ ಕೊಬ್ಬರಿ ಎಣ್ಣೆಯೇ. ಒಂದು ಚುಕ್ಕೆ ತುಕ್ಕಿಲ್ಲ.

ಚಿಂತಾಮಣಿ_ಸ್ಕೀಟ್:
ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ ಸಾರ್. ಧನುರ್ಮಾಸದ ಬೆಳಗ್ಗೆ ನಮ್ಮ ಕಡೆ ಬಾಟಲಿಯಲ್ಲೇ ಹೆಪ್ಪುಗಟ್ಟಿರುತ್ತೆ. ಲಾಕಿನ ಒಳಗೆ ಅದೇ ಸ್ಥಿತಿ. ಕಾಲ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತೆ. ನಳಿಗೆಯ ಹೊರಮೈಗೆ ಏನೋ ಒಂದು, ಯಂತ್ರದ ಭಾಗಕ್ಕೆ ಮಾತ್ರ ತೆಳುವಾದ ಮೆಷಿನ್ ಎಣ್ಣೆ ಅಥವಾ ಗನ್ ಆಯಿಲ್ ಇರಲಿ.

ತಿಪಟೂರು_ಕೊಬ್ಬರಿ:
ಗಾಣದ ಎಣ್ಣೆಗೂ ಅಂಗಡಿ ಎಣ್ಣೆಗೂ ವ್ಯತ್ಯಾಸ ಇದೆ ಮೇಡಂ. ನಿಮ್ಮ ವಿಳಾಸ ಕೊಡಿ, ಒಂದು ಲೀಟರ್ ಕಳಿಸ್ತೀನಿ.

ಪಾವಗಡ_ಕಡ್ಲೆಕಾಯಿ:
ನಾನೂ ಈಗ ಕೊಬ್ಬರಿ ಎಣ್ಣೆಯೇ ಬಳಸ್ತಿರೋದು. ಠಾಣೆಯಿಂದ ತಂದಾಗ ನಳಿಗೆ ಮೇಲೆಲ್ಲ ಕಂದು ಬಣ್ಣ ನೋಡಿ ಹೊಟ್ಟೆ ಉರಿದುಹೋಯ್ತು. ಅವತ್ತಿಂದ ಬಟ್ಟಿಂದ ಹಿಡಿದು ನಳಿಗೆ ತುದಿವರೆಗೂ ಚೆನ್ನಾಗಿ ಸುರಿದು ತಿಕ್ಕಿ, ಜೋಡಿಸಿ, ಹೊಲದ ದಿಬ್ಬಕ್ಕೆ ಎರಡು ತೋಟಾ ಹೊಡೆದು ನೋಡಿ ಎತ್ತಿಡ್ತೀನಿ. ಎಲ್ಲರೂ ಮಾಡೋ ಹಾಗೇ.

ಚಿಂತಾಮಣಿ_ಸ್ಕೀಟ್:
ಇರಿ ಇರಿ. ಕ್ಲೀನ್ ಮಾಡಿದ ಮೇಲೆ ಪ್ರತಿ ಸಲ ಹೊಡೀತೀರಾ? ಬಟ್ಟಿನ ಹಿಡಿಗೂ ಎಣ್ಣೆ ಹಚ್ಚಿರ್ತೀರಾ?

ಪಾವಗಡ_ಕಡ್ಲೆಕಾಯಿ:
ಹೌದು. ಸರಿಯಾಗಿ ಜೋಡಿಸಿದೀನಾ ಅಂತ ಗೊತ್ತಾಗ್ಬೇಕಲ್ಲ? ಮರ ಒಣಗಬಾರದು ಅಂತ ಹಿಡಿಗೂ ಹಚ್ಚೋದು.

ಜೋಡುನಳಿಗೆ_ತುಮಕೂರು:
ನಾನು ಮೊದಲ ದಿನವೇ ಹೇಳಲಿಲ್ವಾ, ಒದೆಯಿಂದ ಆಗಿರೋದು ಅಂತ!

ಚಿಂತಾಮಣಿ_ಸ್ಕೀಟ್:
ಒದೆ ನಿಜ ಸಾರ್, ಆದರೆ ಬಟ್ ಉದ್ದ ಎಲೆಕ್ಷನ್ ಆದ ಮೇಲೆ ಕಮ್ಮಿಯಾಗಲಿಲ್ಲವಲ್ಲ. ಮೊದಲು ಅದೇ ಬಟ್, ಅದೇ ಕೈ, ಪೆಟ್ಟು ಬೀಳ್ತಿರಲಿಲ್ಲ. ಹೊಸದಾಗಿ ಬಂದಿದ್ದು ಹಿಡಿಯ ಮೇಲಿನ ಎಣ್ಣೆ. ಅಲ್ಲಿ ಮರಕ್ಕೆ ಗೀರು ಹಾಕಿರೋದೇ ಅಂಗೈಗೆ ಹಿಡಿತ ಸಿಗಲಿ ಅಂತ. ಎಣ್ಣೆ ಬಿದ್ದರೆ ಒದ್ದಾಗ ಕೋವಿ ಕೈಯೊಳಗೇ ಹಿಂದಕ್ಕೆ ಜಾರುತ್ತೆ, ಗಾರ್ಡ್ ಬಂದು ನಡುಬೆರಳಿಗೆ ಬಡಿಯುತ್ತೆ. ಊತಕ್ಕೆ ಕಾರಣ ಇದೇ ಅಂತ ನನ್ನ ಲೆಕ್ಕ.

ಕಡ್ಲೆಕಾಯಿ ಅವರೇ, ಒಣ ಹತ್ತಿಬಟ್ಟೆಯಿಂದ ಹಿಡಿಯನ್ನೂ ಫೋರೆಂಡನ್ನೂ (ನಳಿಗೆ ಕೆಳಗೆ ಎಡಗೈ ಹಿಡಿಯೋ ಮರ) ಒರೆಸಿ, ಗೀರಿನ ಸಂದಿಗೆ ಹಳೇ ಹಲ್ಲುಜ್ಜೋ ಬ್ರಷ್ ಹಾಕಿ. ಎಣ್ಣೆ ಕುಡಿದ ಮರ ಮೆತ್ತಗಾಗಿ, ಲಾಕ್ ಸೇರುವ ಕಡೆ ಸೀಳು ಬಿಡುತ್ತೆ. ಅದಕ್ಕೇ ಎತ್ತಿಡೋವಾಗ ನಳಿಗೆ ಬಾಯಿ ಕೆಳಗೆ ಮಾಡಿ ನಿಲ್ಲಿಸಿ ಅನ್ನೋದು, ಎಣ್ಣೆ ಮರದ ಕಡೆ ಇಳಿಯಲ್ಲ.

ಎರಡನೇದು ಇದಕ್ಕಿಂತ ದೊಡ್ಡದು. ನಳಿಗೆ ಒಳಗೆ ಎಣ್ಣೆ ತುಂಬಿಕೊಂಡು ಹೊಡೀಬೇಡಿ. ಚೇಂಬರ್, ಅಂದ್ರೆ ನಳಿಗೆಯಲ್ಲಿ ತೋಟಾ ಕೂರೋ ಜಾಗ, ಎಣ್ಣೆಯಾಗಿದ್ದರೆ ತೋಟಾ ಅದರ ಗೋಡೆಗೆ ಕಚ್ಚಿಕೊಳ್ಳಲ್ಲ, ಅಷ್ಟೂ ಒತ್ತಡ ನಳಿಗೆ ಹಿಂದಿನ ಉಕ್ಕಿನ ಭಾಗದ (ಆ್ಯಕ್ಷನ್) ಮೇಲೆ ಬೀಳುತ್ತೆ. ಹೊಡೆಯೋಕೆ ಮುಂಚೆ ಒಣ ಬಟ್ಟೆ ಆಡಿಸಿ, ಆಮೇಲೆ ಎರಡೂ ನಳಿಗೆ ಬೆಳಕಿಗೆ ಹಿಡಿದು ಈ ಕಡೆಯಿಂದ ಆ ಕಡೆ ನೋಡಿ. ಬಟ್ಟೆ ತುಂಡು ಒಳಗೇ ಉಳಿದಿದ್ದರೆ ನಳಿಗೆ ಸೀಳುತ್ತೆ, ಮುಂದೆ ಇರೋದು ನಿಮ್ಮ ಎಡಗೈ. ಜೋಡಿಸಿದ್ದು ಸರಿಯಿದೆಯಾ ನೋಡೋಕೆ ತೋಟಾ ಬೇಕಿಲ್ಲ, ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ನಕಲಿ ತೋಟಾ) ಹಾಕಿ ಟ್ರಿಗರ್ ಎಳೆದರೆ ಸಾಕು.

ನಿರ್ವಾಹಕ:
ಈ ಎಳೆಯಲ್ಲಿ ಕಾಡುಹಂದಿ ಹೊಡೆಯೋದರ ಬಗ್ಗೆ ಬಂದ ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಅದಕ್ಕೆ ಇಲ್ಲಿ ಜಾಗವಿಲ್ಲ.

ಇಷ್ಟು ಉತ್ತರ ಬಂದರೂ ಒಂದು ಮಾತು ಯಾರೂ ಬರೆಯದಿರುವುದು ನನಗೆ ಬೇಸರ ತಂದಿದೆ. ಬಟ್ಟೆ, ಎಣ್ಣೆ ಮುಟ್ಟುವ ಮುಂಚೆ ಕೋವಿಯನ್ನು ಕೀಲಿನ ಬಳಿ ಬಗ್ಗಿಸಿ ತೆರೆದು ಎರಡೂ ಚೇಂಬರ್ ಖಾಲಿಯೇ ಎಂದು ಕಣ್ಣಲ್ಲಿ ನೋಡಿ, ಬೆರಳು ಹಾಕಿಯೂ ನೋಡಿ. ತೋಟಾಗಳು ಬೇರೆ ಕೋಣೆಯಲ್ಲಿ ಬೀಗದೊಳಗಿರಲಿ. ಮಕ್ಕಳು ಮನೆಯಲ್ಲಿ ಎಚ್ಚರ ಇರುವ ಹೊತ್ತಿನಲ್ಲಿ ಬಿಚ್ಚಿ ಹರಡಿಕೊಂಡು ಕೂರಬೇಡಿ. ಈಗ ಮುಂದುವರಿಸಿ.

ಪಾವಗಡ_ಕಡ್ಲೆಕಾಯಿ:
ಹಿಡಿ ಒರೆಸಿ, ಒಣಗಿಸಿ ನೋಡಿದೆ. ನಡುಬೆರಳಿಗೆ ಪೆಟ್ಟು ಬೀಳ್ಲಿಲ್ಲ! ಮೇಡಂಗೆ ತುಂಬಾ ಥ್ಯಾಂಕ್ಸ್. ಆದ್ರೆ ಚರ್ಮ ಕಿತ್ತುಬರೋದು ನಿಂತಿಲ್ಲ. ಅದು ಎಡಗೈ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಚರ್ಮ. ನಳಿಗೆ ವಾಪಸ್ ಸೇರಿಸೋವಾಗ ಆಗೋದು.

ಜೋಡುನಳಿಗೆ_ತುಮಕೂರು:
ಎಡಗೈ ಅಂತ ಮೊದಲೇ ಹೇಳ್ಬಾರ್ದಾ ಮಾರಾಯ್ರೆ? ಬಲಗೈ ಅಂದ್ಕೊಂಡು ಎಷ್ಟು ಬರೆದೆ. ಸರಿ, ಕೇಳಿ. ನಳಿಗೆಯನ್ನ ಚೇಂಬರ್ ಹತ್ತಿರ ಹಿಡೀತಿದ್ದೀರಿ ನೀವು. ಮುಚ್ಚಿಕೊಳ್ಳೋವಾಗ ನಳಿಗೆಗೂ ಹಿಂದಿನ ಉಕ್ಕಿನ ಮುಖಕ್ಕೂ ನಡುವೆ ಚರ್ಮ ಸಿಕ್ಕಿಬೀಳುತ್ತೆ. ಎಡಗೈ ಇನ್ನೂ ಮುಂದೆ, ಕೀಲಿನಿಂದ ಒಂದು ಗೇಣು ಆಚೆ ಇರಲಿ. ಬಲಗೈಯಲ್ಲಿ ಬಟ್ ಹಿಡಿದು ಹೆಬ್ಬೆರಳಲ್ಲಿ ಮೇಲಿನ ಲಿವರ್ ಪಕ್ಕಕ್ಕೆ ಒತ್ತಿ, ನಳಿಗೆ ಕೆಳಗಿನ ಕೊಕ್ಕೆ ಕೀಲಿಗೆ ಸರಿಯಾಗಿ ಕೂತಿದ್ದು ಕಣ್ಣಲ್ಲಿ ನೋಡಿ. ಆಮೇಲೆ ನಳಿಗೆ ಎತ್ತಿ ಬಡಿಯಬೇಡಿ, ಬಟ್ಟನ್ನೇ ನಿಧಾನಕ್ಕೆ ನಳಿಗೆ ಕಡೆ ಎತ್ತಿ. ಕೂರದಿದ್ದರೆ ಬಲವಂತ ಬೇಡ, ಬಿಚ್ಚಿ ಮತ್ತೆ ನೋಡಿ. ದಪ್ಪ ಬಟ್ಟೆ ಗ್ಲೌಸ್ ಹಾಕಿದ್ರೆ ಅದೇ ಮೊದಲು ಸಿಕ್ಕಿಕೊಳ್ಳೋದು, ಅದಕ್ಕೇ ನಿಮಗೆ ಉಪಯೋಗ ಆಗಿಲ್ಲ. ತೆಳು ರಬ್ಬರ್ ಗ್ಲೌಸ್ ಸೀಮೆಎಣ್ಣೆಗೆ, ಮಸಿಗೆ ಒಳ್ಳೇದು, ಚಿವುಟೋದನ್ನ ತಡೆಯಲ್ಲ.

ಕೋಲಾರ_ನರ್ಸಕ್ಕ:
ಮಸಿ ಅಂದಾಗ ನೆನಪಾಯ್ತು. ನಳಿಗೆ ಒಳಗಿನ ಕಪ್ಪಿನಲ್ಲಿ ಸೀಸ ಇರುತ್ತೆ. ಕ್ಲೀನ್ ಮಾಡ್ತಾ ಎಲೆ ಅಡಿಕೆ, ಬೀಡಿ, ಕಾಫಿ ಏನೂ ಬಾಯಿಗೆ ಹೋಗಬಾರದು. ಆ ಬಟ್ಟೆ ತುಂಡುಗಳನ್ನ ಅಡುಗೆಮನೆ ಒಲೆಗೆ ಹಾಕಬೇಡಿ. ಕೈ ಸೋಪಲ್ಲಿ ತೊಳೆದ ಮೇಲೇ ಮಗೂನ ಎತ್ತಿಕೊಳ್ಳಿ. ಇನ್ನೊಂದು, ಹಿತ್ತಾಳೆ ಬ್ರಷ್ ನಳಿಗೆ ತುದಿಯಿಂದ ಹೊರಬರೋವಾಗ ಚಿಮ್ಮಿ ಸೀಮೆಎಣ್ಣೆ ಹನಿ ಕಣ್ಣಿಗೆ ಸಿಡಿದವರನ್ನ ನೋಡಿದ್ದೀನಿ. ಓದೋ ಕನ್ನಡಕ ಆದರೂ ಹಾಕ್ಕೊಳ್ಳಿ. ಕಣ್ಣಿಗೆ ಬಿದ್ದರೆ ತಿಕ್ಕಬೇಡಿ, ಹರಿಯೋ ನೀರಲ್ಲಿ ಕಾಲು ಗಂಟೆ ತೊಳೆದು ಆಸ್ಪತ್ರೆಗೆ ಬನ್ನಿ.

ಗೌರಿಬಿದನೂರು_ಪಂಪ್:
ರಾಡ್ ವಿಷಯ ಸೇರಿಸ್ತೀನಿ. ನಳಿಗೆ ತುದಿ ಚೋಕ್ ಇದ್ದರೆ, ಅಂದ್ರೆ ಕಿರಿದಾಗಿದ್ದರೆ, ಅಲ್ಲಿ ಬಿಗಿಯಾಗುತ್ತೆ, ಅಂಗೈಯಲ್ಲಿ ಒತ್ತಿದರೆ ಗುಳ್ಳೆ ಏಳುತ್ತೆ. ರಾಡಿಗೆ ಮರದ ಹಿಡಿ ಇರಲಿ, ಚೇಂಬರ್ ಕಡೆಯಿಂದ ತೂರಿಸಿ, ಬಟ್ಟೆ ಸ್ವಲ್ಪ ಸಣ್ಣದು ಮಾಡಿಕೊಳ್ಳಿ. ನನ್ನ ಹತ್ರ ಮೂರು ತುಂಡಿನ ಹಿತ್ತಾಳೆ ರಾಡ್ ಸೆಟ್ ಇದೆ, ರೋಸ್‌ವುಡ್ ಹಿಡಿ, ಮರದ ಪೆಟ್ಟಿಗೆ ಸಮೇತ. ಫೋಟೋ ಕೆಳಗೆ.

ತಿಪಟೂರು_ಕೊಬ್ಬರಿ:
ಪೆಟ್ಟಿಗೆ ಚೆನ್ನಾಗಿದೆ. ಎಲ್ಲಿ ಮಾಡಿಸಿದ್ರಿ?

ಪಾವಗಡ_ಕಡ್ಲೆಕಾಯಿ:
ಜೋಡುನಳಿಗೆ ಅಣ್ಣ ಹೇಳಿದ ಹಾಗೆ ಮಾಡಿದೆ. ಎಡಗೈ ಮುಂದಿಟ್ಟರೆ ಚಿವುಟಲ್ಲ, ನಿಜ. ಆದ್ರೆ ಚೇಂಬರ್ ಅಂಚಲ್ಲಿ ತೋಟಾ ಎತ್ತುತ್ತಲ್ಲ ಆ ಅರ್ಧಚಂದ್ರದ ತುಂಡು, ಅದರ ಬಾಯಿ ಬ್ಲೇಡ್ ಥರ ಇದೆ. ಒರೆಸೋವಾಗ ಹೆಬ್ಬೆರಳು ಕುಯ್ತು. ಅರ ಹಾಕಿ ಉಜ್ಜಿಬಿಡ್ಲಾ?

ಚಿಂತಾಮಣಿ_ಸ್ಕೀಟ್:
ಅರ ಹಾಕಬೇಡಿ. ಅಂಚು ಜಾಸ್ತಿ ಹೋದರೆ ತೋಟಾದ ಅಂಚಿಗೆ ಸರಿಯಾಗಿ ಕೂರಲ್ಲ. ರಿಪೇರಿ ಏನಿದ್ದರೂ ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರವೇ ಮಾಡಿಸಿ. ಒಳಗಿನ ಸ್ಕ್ರೂಗಳಿಗೂ ಕೈ ಹಾಕಬೇಡಿ, ಮಾಮೂಲಿ ಸ್ಕ್ರೂಡ್ರೈವರ್ ಜಾರಿದರೆ ನೇರ ಅಂಗೈಗೆ ಹೋಗುತ್ತೆ. ಅಲ್ಲಿವರೆಗೆ ಆ ಜಾಗಕ್ಕೆ ಬೆರಳು ಬೇಡ, ಕಡ್ಡಿಗೆ ಬಟ್ಟೆ ಸುತ್ತಿ ಒರೆಸಿ. ಅದು ನಿಧಾನಕ್ಕೆ ತೋಟಾ ಎತ್ತುವ ಬಗೆಯಾ, ಇಲ್ಲಾ ಹೊಡೆದ ತೋಟಾವನ್ನ ಸ್ಪ್ರಿಂಗಲ್ಲಿ ಆಚೆ ಎಸೆಯುವ ಎಜೆಕ್ಟರ್ರಾ? ಎರಡನೇದಾದರೆ ಬೆರಳಿಗೆ ಹೊಡೆಯೋದೂ ಉಂಟು. ನಳಿಗೆ ಬಿಚ್ಚಿಟ್ಟು ಹಿಂಬದಿಯ ಫೋಟೋ ಹಾಕಿ, ನಂಬರ್ ಮುಚ್ಚಿ.

ಶ್ರೀನಿವಾಸಪುರ_ಮಾವು:
ಟ್ಯೂಬ್ ತೆಗೆದೆ ಮೇಡಂ. ಒಳಗಡೆ ಅಂಟು ಅಂಟಾಗಿತ್ತು. ಬಿಗಿಯಾಗಿ ಕೂರುತ್ತೆ ಅಂದ್ರಲ್ಲ, ಆ ರಬ್ಬರ್ 20 ಬೋರ್ (ಸಣ್ಣ ನಳಿಗೆ) ಕೋವಿ ಗಾರ್ಡಿಗೂ ಆಗುತ್ತಾ?