ಮನಸ್ಸು ಬದಲಿಸೋ ಸಾಫ್ಟ್‌ವೇರ್: ಬಾಣದ ಮೇಲಿನ ನಂಬರ್ ಯಾರದು?

ಗೋಕುಲ ರೋಡ್ ಹುಡುಗ:
ಎದುರಾಳಿ ದೇಶದ ಜನರ, ನಾಯಕರ ಮನಸ್ಸು ಹೇಗೆ ಬದಲಿಸೋದು ಅಂತ ಪ್ಲಾನ್ ಮಾಡೋಕೂ ಸೇನೆಗಳ ಹತ್ತಿರ ಸಾಫ್ಟ್‌ವೇರ್ ಇದೆ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದವರು ಮಾಡಿದ ಪಿಥಿಯಾ ಅಂಥದ್ದೇ. ಪರದೆ ತುಂಬ ಡಬ್ಬಿಗಳು, ನಡುವೆ ಬಾಣಗಳು. ‘ರೇಡಿಯೋ ಪ್ರಸಾರ ಶುರು’ ಅಂತ ಒಂದು ಡಬ್ಬಿ ಇದೆ ಅಂದ್ಕೊಳ್ಳಿ, ‘ಊರ ಹಿರಿಯರು ಮಾತುಕತೆಗೆ ಒಪ್ಪಿದರು’ ಅಂತ ಇನ್ನೊಂದು. ಒಂದು ಇನ್ನೊಂದನ್ನ ಎಷ್ಟು ಎಳೆಯುತ್ತೆ ಅಂತ ಬಾಣಕ್ಕೆ ನಂಬರ್ ಕೊಟ್ಟರೆ, ಕೊನೆಗೆ ಏನಾಗಬಹುದು ಅನ್ನೋ ಲೆಕ್ಕ ಅದೇ ಹಾಕುತ್ತೆ. ನನಗಂತೂ ಭಾರಿ ಹಿಡಿಸಿತು.

ಬ್ಯಾಡಗಿ ಖಾರ:
ಆ ನಂಬರ್ ಯಾರು ಕೊಡ್ತಾರೆ ತಮ್ಮಾ?

ಗೋಕುಲ ರೋಡ್ ಹುಡುಗ:
ಆ ದೇಶದ ವಿಷಯ ಬಲ್ಲವರು ಕೊಡ್ತಾರೆ ಅಣ್ಣಾ. ಅಂದಾಜೇ.

ಬ್ಯಾಡಗಿ ಖಾರ:
ಹಂಗಾದ್ರೆ ಬಣ್ಣ ಹಚ್ಚಿದ ಅಂದಾಜು ಅನ್ನು. ಇಲ್ಲಿ ಚೀಲ ಬಿಚ್ಚಿ, ಮೆಣಸಿನಕಾಯಿ ಮುರಿದು ಮೂಸಿ, ಬೀಜ ಕೈಯಲ್ಲಿ ಸುರುವಿಕೊಂಡು ನೋಡಿದ ದಲಾಲನಿಗೇ ನಾಳಿನ ರೇಟು ಗೊತ್ತಾಗಲ್ಲ.

ಮಾಜಿ ಹವಾಲ್ದಾರ್, ಗದಗ:
ಅಂದಾಜು ತಪ್ಪಾದರೆ ತಿದ್ದಬಹುದು. ವರದಿಯೇ ಸುಳ್ಳಾದರೆ? ವಿಯೆಟ್ನಾಂನಲ್ಲಿ ಅಮೆರಿಕದವರು 1967ರಲ್ಲಿ ಶುರು ಮಾಡಿದ್ದು ಇದೇ ಆಟ. 12 ಸಾವಿರಕ್ಕೂ ಹೆಚ್ಚು ಹಳ್ಳಿಗಳು, ಎಷ್ಟು ಸುರಕ್ಷಿತ ಅಂತ ಒಂದೊಂದಕ್ಕೂ ತಿಂಗಳಿಗೊಮ್ಮೆ ಎ, ಬಿ, ಸಿ ಅಂತ ಗ್ರೇಡು, ಕಂಪ್ಯೂಟರ್‌ನಿಂದ ನಕ್ಷೆ. ಮೂರರಲ್ಲಿ ಎರಡು ಪಾಲು ಜನ ಸುರಕ್ಷಿತ ಅಂತ ಲೆಕ್ಕ ಬಂತು. 1968ರ ಜನವರಿ ಕೊನೆಗೆ ಟೆಟ್ ಹಬ್ಬದ ಹೊತ್ತಿಗೆ ಕಮ್ಯುನಿಸ್ಟ್ ಪಡೆಗಳ ದೊಡ್ಡ ದಾಳಿ ಶುರುವಾಯಿತು, ಊರೂರಲ್ಲಿ ಗುಂಡು ಹಾರಿದವು. ಗ್ರೇಡು ಕೊಡೋನಿಗೂ ಒಬ್ಬ ಸಾಹೇಬ ಇರ್ತಾನೆ, ಹೋದ ತಿಂಗಳು ಬಿ ಬರೆದವನು ಈ ತಿಂಗಳು ಡಿ ಬರೆದರೆ ಏನೇನು ಕೇಳಿಸಿಕೊಳ್ಳಬೇಕು ಅನ್ನೋದು ಫಾರಂ ತುಂಬಿದವರಿಗೇ ಗೊತ್ತು.

ಸಪ್ತಾಪುರ ಮೇಷ್ಟ್ರು:
ಒಪ್ಪಿದೆ ಹವಾಲ್ದಾರ್ ಸಾಹೇಬ್ರೆ, ಆದ್ರೆ ಸಾಫ್ಟ್‌ವೇರ್ ಇಲ್ಲದಿದ್ದರೆ ಅದೇ ಅಂದಾಜು ಜನರಲ್ ತಲೆಯೊಳಗೆ ಕೂತಿರುತ್ತೆ, ಯಾರೂ ಪ್ರಶ್ನೆ ಮಾಡೋ ಹಂಗಿಲ್ಲ. ಇಲ್ಲಿ ನೂರಕ್ಕೆ 70 ಅಂದಿದ್ದನ್ನ 50 ಮಾಡಿ ನೋಡಬಹುದು. ಕೊನೆ ಲೆಕ್ಕ ಅಲ್ಲಾಡದಿದ್ದರೆ ಆ ಬಾಣದ ಬಗ್ಗೆ ಜಗಳ ಬಿಡಿ. ತಲೆಕೆಳಗಾದರೆ ಮೊದಲು ಅದನ್ನೇ ಹೋಗಿ ವಿಚಾರಿಸಿ. ಚಿತ್ರ ಅತಿಯಾಗಬಾರದು ಅಷ್ಟೇ. 2009ರಲ್ಲಿ ಕಾಬೂಲ್‌ನಲ್ಲಿ, ಅಫ್ಘಾನ್ ಯುದ್ಧ ನಡೆಸ್ತಿದ್ದ ಅಮೆರಿಕದ ಜನರಲ್ ಮೆಕ್‌ಕ್ರಿಸ್ಟಲ್‌ಗೆ ಬಾಣಗಳೇ ತುಂಬಿದ, ಶಾವಿಗೆ ಚೆಲ್ಲಿದಂಥ ಒಂದು ಸ್ಲೈಡ್ ತೋರಿಸಿದ್ದರು. ಇದು ಅರ್ಥವಾದ ದಿನ ಯುದ್ಧ ಗೆದ್ದಂಗೆ ಅಂದರಂತೆ ಅವರು!

ಮಾಜಿ ಹವಾಲ್ದಾರ್, ಗದಗ:
ನೋಡಿ ಮತ್ತೆ! ಅದಕ್ಕೂ ಮೊದಲೇ, 2008ರಲ್ಲಿ, ಅಮೆರಿಕದವರೇ ಆದ ಜನರಲ್ ಮ್ಯಾಟಿಸ್ ‘ಪರಿಣಾಮ ಲೆಕ್ಕ ಹಾಕಿ ಯುದ್ಧ ಮಾಡೋ’ ಆ ಭಾಷೆಯನ್ನೇ ತಮ್ಮ ಕಮಾಂಡ್‌ನಲ್ಲಿ ಬಳಸಬೇಡಿ ಅಂತ ಬರೆದುಕೊಟ್ಟಿದ್ದರು.

ಗೋಕುಲ ರೋಡ್ ಹುಡುಗ:
ನನ್ನ ವಾದಕ್ಕೇ ಅಡ್ಡ ಬರೋದನ್ನ ನಾನೇ ಹೇಳಿಬಿಡ್ತೀನಿ. 2022ರಲ್ಲಿ ಟ್ವಿಟರ್, ಮೆಟಾ ಬೇರೆ ದೇಶದವರ ಮನಸ್ಸು ಬದಲಿಸೋಕೆ ಅಮೆರಿಕದ ಪರ ಪ್ರಚಾರ ಮಾಡ್ತಿದ್ದ ಖೊಟ್ಟಿ ಖಾತೆಗಳನ್ನ ತೆಗೆದು ಹಾಕಿದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ, ಗ್ರಾಫಿಕಾ ಅನ್ನೋ ಸಂಶೋಧನಾ ಕಂಪನಿಯವರು ಎಣಿಸಿದಾಗ ಒಂದು ಟ್ವೀಟ್‌ಗೆ ಸರಾಸರಿ ಒಂದು ಲೈಕ್ ಕೂಡ ಇರಲಿಲ್ಲ. ನಮ್ಮ ಓಣಿ ಗಣಪತಿ ಫೋಟೋಗೆ ಇದಕ್ಕಿಂತ ಜಾಸ್ತಿ ಬರುತ್ತೆ. ಆದ್ರೂ ಮೇಷ್ಟ್ರು ಹೇಳಿದ್ದು ಸರಿ ಅನಿಸುತ್ತೆ. ಮೆಣಸಿನಕಾಯಿ ರೇಟಿಗೇ ಒಂದು ಮಾಡಿ ನೋಡ್ತೀನಿ.

ಬ್ಯಾಡಗಿ ಖಾರ:
ಮಾಡು. ಬಾಣದ ಪಕ್ಕ ನಂಬರ್ ಕೊಟ್ಟವನ ಹೆಸರೂ ಬರಿ. ರೇಟು ಬಿದ್ದಾಗ ಯಾರ ಮನೆಗೆ ಬರಬೇಕು ಅಂತ ಗೊತ್ತಿರಲಿ.