ಮಾನವಶಾಸ್ತ್ರದಲ್ಲಿ ಪದವಿ: ಸೇರಲು ಏನು ಬೇಕು, ಮುಗಿಸಲು ಏನು ಬೇಕು?

ಹೊಳೆಸಾಲು:
ಎಲ್ಲರಿಗೂ ನಮಸ್ಕಾರ. ದ್ವಿತೀಯ ಪಿಯುಸಿಯಲ್ಲಿ ಪಿಸಿಎಂಬಿ ಓದುತ್ತಿರುವ ಹುಡುಗಿಗೆ ದೆಹಲಿ ವಿಶ್ವವಿದ್ಯಾಲಯದ ಬಿಎಸ್ಸಿ ಆನರ್ಸ್ ಮಾನವಶಾಸ್ತ್ರ ಸೇರುವ ಆಸೆ. ಸಿಯುಇಟಿಯಲ್ಲಿ (ಪದವಿ ಸೇರಲು ನಡೆಯುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ) ಯಾವ ವಿಷಯ ಬರೆಯಬೇಕು? ಎಷ್ಟು ಕ್ರೆಡಿಟ್ (ಓದಿನ ಗಂಟೆಗಳ ಲೆಕ್ಕ) ಮುಗಿಸಬೇಕು? ಪ್ರಾಕ್ಟಿಕಲ್, ಫೀಲ್ಡ್‌ವರ್ಕ್ ಅಂದರೆ ನಿಜವಾಗಿ ಏನು ಮಾಡಿಸುತ್ತಾರೆ? ಬಲ್ಲವರು ತಿಳಿಸಿ.

ಬೆಟ್ಟದಹೂ:
ಸಿಯುಇಟಿ ವಿಷಯಗಳ ಪಟ್ಟಿಯಲ್ಲಿ 'ಆಂಥ್ರೊಪಾಲಜಿ' ಅಂತಲೇ ಒಂದು ಪತ್ರಿಕೆ ಇದೆ. ಅದನ್ನು ನೋಡಿ ಟಿಕ್ ಮಾಡಿಬಿಡಬೇಡಿ. 12ನೇ ತರಗತಿಯಲ್ಲಿ ಓದಿದ ವಿಷಯಗಳಲ್ಲೇ ಸಿಯುಇಟಿ ಬರೆದಿರಬೇಕು ಎನ್ನುವುದು ದೆಹಲಿ ವಿವಿಯ ನಿಯಮ. ನಮ್ಮ ಪಿಯುಸಿಯವರು ಒಂದು ಭಾಷೆಯ ಜೊತೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬರೆಯಬೇಕು. ಪಿಸಿಎಂಬಿಯವರಿಗೆ ಇದು ಸಲೀಸು. ಪಿಸಿಎಂಸಿಯವರು ಜೀವಶಾಸ್ತ್ರ ಇಲ್ಲದೆ ಇಲ್ಲೇ ಸಿಕ್ಕಿಬೀಳುತ್ತಾರೆ. ಅರ್ಜಿ ತುಂಬುವ ದಿನ ಆ ವರ್ಷದ ವಿವಿಯ ಪ್ರವೇಶ ಬುಲೆಟಿನ್ ಪಕ್ಕದಲ್ಲಿಟ್ಟುಕೊಂಡೇ ಕೂರಿ, ಯಾಕೆಂದರೆ ವಿಷಯಗಳ ಹೊಂದಾಣಿಕೆ ತಪ್ಪಿದರೆ ಎಷ್ಟು ಅಂಕ ಬಂದರೂ ಸೀಟಿಲ್ಲ. 2025ರ ಪರೀಕ್ಷೆಯಲ್ಲಿ ಪ್ರತಿ ಪತ್ರಿಕೆಗೆ 60 ನಿಮಿಷ, 50 ಪ್ರಶ್ನೆ, ಎಲ್ಲವೂ ಕಡ್ಡಾಯ. ಸರಿಗೆ 5, ತಪ್ಪಿಗೆ ಮೈನಸ್ 1.

ಕ್ರೆಡಿಟ್ ಲೆಕ್ಕ: ಸೆಮಿಸ್ಟರ್‌ಗೆ 22. ಮೂರು ವರ್ಷಕ್ಕೆ 132, ನಾಲ್ಕು ವರ್ಷಕ್ಕೆ 176. ಮುಖ್ಯ ವಿಷಯದ ಕಡ್ಡಾಯ ಪತ್ರಿಕೆಗಳು ಒಟ್ಟು 20, ಒಂದೊಂದಕ್ಕೆ 4 ಕ್ರೆಡಿಟ್. ಮೊದಲ ಆರು ಸೆಮಿಸ್ಟರ್‌ನಲ್ಲಿ ಮೂರು ಮೂರು, ಕೊನೆಯ ಎರಡರಲ್ಲಿ ಒಂದೊಂದು. ಪ್ರಾಕ್ಟಿಕಲ್‌ನ ಒಂದು ಕ್ರೆಡಿಟ್ ಅಂದರೆ ಸೆಮಿಸ್ಟರ್‌ಗೆ 30 ಗಂಟೆ, ಥಿಯರಿಯ ದುಪ್ಪಟ್ಟು. ಹಾಗಾಗಿ ವೇಳಾಪಟ್ಟಿಯಲ್ಲಿ ಲ್ಯಾಬ್ ತಿನ್ನುವ ಹೊತ್ತು ಜಾಸ್ತಿ. ಕಾಲೇಜು ಆಯ್ಕೆ ತೀರಾ ಕಡಿಮೆ, ಹಂಸರಾಜ್ ಕಾಲೇಜಿನ ಹೆಸರು ಮರೆಯದೆ ಪ್ರಾಶಸ್ತ್ಯ ಪಟ್ಟಿಗೆ ಹಾಕಿ.

ಅಳತೆಗೋಲು:
ಪ್ರಾಕ್ಟಿಕಲ್ ಬಗ್ಗೆ ಹೇಳುತ್ತೇನೆ. ದೇಹದ ಅಳತೆ, ಮೂಳೆಗಳನ್ನು ಗುರುತಿಸುವುದು, ಬೆರಳಚ್ಚು ಮತ್ತು ಅಂಗೈ ಗೆರೆಗಳ ವಿಶ್ಲೇಷಣೆ, ರಕ್ತದ ಗುಂಪು, ಬಣ್ಣಗುರುಡಿನ ಪರೀಕ್ಷೆ ಇವು ಬುನಾದಿ.

ಹೆಚ್ಚು ಜನ ಎಡವುವುದು ಅಳತೆಯಲ್ಲಿ. ಎತ್ತರ ಅಳೆಯುವಾಗ ಬರಿಗಾಲು, ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಲ್ಲಿಸಬೇಕು. ಕಿವಿತೂತಿನ ಮುಂದಿರುವ ಸಣ್ಣ ಉಬ್ಬಿನ ಮೇಲಂಚು ಮತ್ತು ಕಣ್ಣುಗೂಡಿನ ಕೆಳಅಂಚು ಒಂದೇ ಅಡ್ಡಗೆರೆಯಲ್ಲಿ ಇರಬೇಕು. ಇದೇ ಫ್ರಾಂಕ್‌ಫರ್ಟ್ ರೇಖೆ. 'ತಲೆ ಎತ್ತಿ ನಿಲ್ಲಿ' ಅಂದರೆ ಜನ ಗಲ್ಲ ಎತ್ತುತ್ತಾರೆ, ಅಲ್ಲಿಗೆ ಅಳತೆ ಕೆಟ್ಟಿತು. ಬೆನ್ನುಮೂಳೆಯ ನಡುವಿನ ಮೆತ್ತೆಗಳು ದಿನವಿಡೀ ಅದುಮಿಕೊಂಡು ಸಂಜೆಗೆ ಎತ್ತರ ಸುಮಾರು ಒಂದು ಸೆಂಟಿಮೀಟರ್ ಇಳಿಯುವುದರಿಂದ ಅಳೆದ ಹೊತ್ತನ್ನೂ ಬರೆದಿಡಿ.

ತಲೆಯ ಉದ್ದಕ್ಕೆ ಸ್ಪ್ರೆಡಿಂಗ್ ಕ್ಯಾಲಿಪರ್‌ನ (ಬಾಗಿದ ಎರಡು ತೋಳಿನ ಅಳತೆ ಸಾಧನ) ಒಂದು ತುದಿ ಹುಬ್ಬುಗಳ ನಡುವೆ ಕದಲದಂತೆ ಇರಬೇಕು. ಇನ್ನೊಂದನ್ನು ಹಿಂದಲೆಯ ನಡುಗೆರೆಯಲ್ಲಿ ಮೇಲೆ ಕೆಳಗೆ ಸರಿಸಿ ಅತಿ ಹೆಚ್ಚು ಬಂದ ಸಂಖ್ಯೆ ಹಿಡಿಯಬೇಕು. ಜಡೆ, ತುರುಬು ಸರಿಸದಿದ್ದರೆ ಕೂದಲಿನ ದಪ್ಪವೂ ಸೇರಿಬಿಡುತ್ತದೆ. ಉದ್ದ 18.4, ಅಗಲ 14.5 ಸೆಂ.ಮೀ. ಇದ್ದರೆ ಅಗಲವನ್ನು ಉದ್ದದಿಂದ ಭಾಗಿಸಿ 100ರಿಂದ ಗುಣಿಸಿ: 78.8, ಅಂದರೆ ಮಧ್ಯಮ ತಲೆ (76ರಿಂದ 80.9). ಹಿಂದೆ ಇದೇ ಸಂಖ್ಯೆ ಹಿಡಿದು ಜನರನ್ನು 'ಜನಾಂಗ'ಗಳಾಗಿ ವಿಂಗಡಿಸುತ್ತಿದ್ದರು. ಅಮೆರಿಕಕ್ಕೆ ವಲಸೆ ಬಂದವರ ಮಕ್ಕಳಲ್ಲಿ ತಲೆಯ ಆಕಾರ ಬದಲಾಗುವುದನ್ನು ಮಾನವಶಾಸ್ತ್ರಜ್ಞ ಫ್ರಾಂಜ್ ಬೋಸ್ 1910ರ ಆಸುಪಾಸಿನಲ್ಲೇ ತೋರಿಸಿದರು, ಅಂದರೆ ಅದು ಬದಲಾಗದ 'ಜನಾಂಗ'ದ ಗುರುತಲ್ಲ. ಈ ಹಿನ್ನೆಲೆ ತಿಳಿಯದೆ ಕ್ಯಾಲಿಪರ್ ಹಿಡಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಒಬ್ಬೊಬ್ಬರನ್ನೂ ಎರಡು ಸುತ್ತು ಅಳೆದು ದೋಷ ಲೆಕ್ಕ ಹಾಕುವುದನ್ನೂ ಕಲಿಯಬೇಕು: ಎರಡು ಸುತ್ತಿನ ವ್ಯತ್ಯಾಸಗಳ ವರ್ಗಗಳನ್ನು ಕೂಡಿ, ಅಳೆದ ಜನರ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಎರಡನೇ ಸುತ್ತಿನಲ್ಲಿ ಮೊದಲ ಸುತ್ತಿನ ಹಾಳೆ ಕಣ್ಣಿಗೆ ಬೀಳಬಾರದು, ಬಿದ್ದರೆ ಕೈ ತಾನಾಗಿಯೇ ಅದೇ ಸಂಖ್ಯೆಗೆ ಹೋಗುತ್ತದೆ.

ರಕ್ತದ ಗುಂಪಿನ ಸ್ಲೈಡನ್ನು ಎರಡು ನಿಮಿಷದೊಳಗೆ ಓದಿ. ತಡವಾದರೆ ಅಂಚು ಒಣಗಿ, ಗರಣೆ ಕಟ್ಟಿದಂತೆಯೇ ಕಂಡು ಗುಂಪು ತಪ್ಪುತ್ತದೆ.

ಮಾವಿನತೋಪು:
ಫೀಲ್ಡ್‌ವರ್ಕ್‌ನಲ್ಲಿ ಮೊದಲ ಕೆಲಸ ಮನೆ ಮನೆ ಪಟ್ಟಿ, ಆಮೇಲೆ ವಂಶವೃಕ್ಷ. ಗಂಡಸಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ಸಮಚಿಹ್ನೆ, ತೀರಿಕೊಂಡವರ ಮೇಲೆ ಓರೆಗೆರೆ. ಪ್ರತಿಯೊಬ್ಬರಿಗೂ ಸಂಖ್ಯೆ ಕೊಡಿ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಊರುಗಳಲ್ಲಿ ಬರೀ ಹೆಸರು ಬರೆದರೆ ಎರಡು ತಲೆಮಾರು ಒಂದಾಗಿಬಿಡುತ್ತದೆ. ಗಂಡನ ಹೆಸರು ಹೇಳದ ಹೆಂಗಸರನ್ನು ಒತ್ತಾಯಿಸಬೇಡಿ, ಪಕ್ಕದಲ್ಲಿದ್ದವರನ್ನು ಕೇಳಿ.

ಸಂಬಂಧದ ಪದವನ್ನು ಜನ ಹೇಳಿದ ಹಾಗೇ ಬರೆಯಿರಿ. 'ಅಂಕಲ್', 'ಕಸಿನ್' ಅಂತ ಬರೆದ ತಕ್ಷಣ ಮಾಹಿತಿ ಸತ್ತಹಾಗೆ. ಕನ್ನಡದಲ್ಲಿ ಅಪ್ಪನ ತಂಗಿಯೂ ಅತ್ತೆ, ಸೋದರಮಾವನ ಹೆಂಡತಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಅತ್ತೆ ಮಗ, ಮಾವನ ಮಗಳ ಜೊತೆ ಮದುವೆ ನಡೆಯುವ ವ್ಯವಸ್ಥೆಯೇ ಆ ಒಂದು ಪದದಲ್ಲಿದೆ. ಚಿಕ್ಕಪ್ಪನ ಮಕ್ಕಳಾದರೆ ಅಣ್ಣ ತಂಗಿ, ಅಲ್ಲಿ ಮದುವೆಯ ಮಾತೇ ಇಲ್ಲ. ಇಂಗ್ಲಿಷಿಗೆ ತಿರುಗಿಸಿದರೆ ಈ ವ್ಯತ್ಯಾಸ ಪೂರ್ತಿ ಅಳಿಸಿಹೋಗುತ್ತದೆ. ಕನ್ನಡ ಬಲ್ಲ ವಿದ್ಯಾರ್ಥಿಗೆ ಇದು ದೊಡ್ಡ ಆಸ್ತಿ.

ಟಿಪ್ಪಣಿಯನ್ನು ಅಂದಿನ ರಾತ್ರಿಯೇ ವಿಸ್ತರಿಸಿ ಬರೆಯಬೇಕು. ಕಂಡದ್ದು, ಕೇಳಿದ್ದು, ನಿಮಗೆ ಅನಿಸಿದ್ದು ಮೂರನ್ನೂ ಬೇರೆ ಬೇರೆ ಇಡಿ. ಜೇನುಕುರುಬರ ಹಾಡಿ, ಸೋಲಿಗರ ಪೋಡು (ಬುಡಕಟ್ಟು ಜನರ ವಸತಿ) ಅರಣ್ಯದೊಳಗಿದ್ದರೆ ಇಲಾಖೆಯ ಅನುಮತಿಗೆ ವಾರಗಳ ಮೊದಲೇ ಪತ್ರ ಹಾಕಿ. ಆ ಪತ್ರ ಕೈಗೆ ಬಂದರೂ ಜನರ ಒಪ್ಪಿಗೆ ಪ್ರತ್ಯೇಕವಾಗಿ ಪಡೆಯಲೇಬೇಕು.

ಹೊಳೆಸಾಲು:
ತುಂಬಾ ಧನ್ಯವಾದ. ಮೂರು ವರ್ಷಕ್ಕೆ ನಿಲ್ಲಿಸುವುದೋ ನಾಲ್ಕು ಓದುವುದೋ?

ಬೆಟ್ಟದಹೂ:
ಮೂರು ವರ್ಷದವರಿಗೆ ಸ್ನಾತಕೋತ್ತರ ಎರಡು ವರ್ಷ. ನಾಲ್ಕು ಓದಿದವರಿಗೆ ಒಂದು ವರ್ಷದ ದಾರಿಯನ್ನು ಯುಜಿಸಿ ತೆರೆದಿದೆ, ಆದರೆ ಸೇರಬೇಕೆಂದಿರುವ ವಿವಿ ಅದನ್ನು ನಡೆಸುತ್ತಿದೆಯೇ ಎಂದು ಮೊದಲು ವಿಚಾರಿಸಿ. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಇದ್ದರೆ ಪಿಎಚ್‌ಡಿಗೂ ನೇರವಾಗಿ ಅರ್ಜಿ ಹಾಕಬಹುದು. ಊರಿಗೆ ಮರಳಿ ಓದುವುದಾದರೆ ಮೈಸೂರು ವಿವಿ, ಧಾರವಾಡದ ಕರ್ನಾಟಕ ವಿವಿ ಎರಡರಲ್ಲೂ ಮಾನವಶಾಸ್ತ್ರದ ಸ್ನಾತಕೋತ್ತರ ವಿಭಾಗ ಇದೆ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಪ್ರಾದೇಶಿಕ ಕೇಂದ್ರವೂ ಮೈಸೂರಿನಲ್ಲೇ ಇದೆ. ರಜೆಯಲ್ಲಿ ಬಂದಾಗ ಅಲ್ಲಿಗೊಮ್ಮೆ ಕರೆದುಕೊಂಡು ಹೋಗಿ.