ಡ್ರಮ್ಮಿನ ಮೇಲೆ 271, ತಳದಲ್ಲಿ 206: ಒಂದೇ ಪುಡಿಗೆ ಎರಡು ಅಳತೆ ಏಕೆ?

ರಾತ್ರಿಪಾಳಿ, ರಾಯಚೂರು:

ರಾಯಚೂರಿನ ಹತ್ತಿರದ ಒಂದು ಔಷಧ ಕಾರ್ಖಾನೆಯ ಪುಡಿ ವಿಭಾಗದಲ್ಲಿ ಎರಡು ವರ್ಷದಿಂದ ಇದ್ದೇನೆ. ಒಣಗಿ ಬಂದ ಮಾಲನ್ನು ಪುಡಿಮಾಡುವ ಯಂತ್ರವಾದ ಮಲ್ಟಿಮಿಲ್‌ಗೆ ಹಾಕಿ, 40 ಮೆಶ್ ಸಿಫ್ಟರ್‌ನಲ್ಲಿ ಜರಡಿ ಹಿಡಿದು, ಪಾಲಿಥಿನ್ ಚೀಲ ಹಾಕಿದ ಡ್ರಮ್‌ಗಳಿಗೆ 25 ಕೆ.ಜಿ.ಯಂತೆ ತುಂಬುವುದು ನಮ್ಮ ಪಾಳಿಯ ಕೆಲಸ. ಈ ಮಾಲಿನ ಡಿ90 ಮಿತಿ 250 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಎಂದರೆ ನೂರರಲ್ಲಿ ತೊಂಬತ್ತು ಪಾಲು ಪುಡಿ ಅದಕ್ಕಿಂತ ಸಣ್ಣದಿರಬೇಕು.

ಸಿಫ್ಟರ್‌ನ ಬಾಯಿಂದ ನಾನು ಹಿಡಿದ ಮಾದರಿಗೆ 228 ಬಂದಿತ್ತು. ಮೂರು ದಿನದ ನಂತರ ಗೋದಾಮಿನಲ್ಲಿ ನಾಲ್ಕನೇ ಡ್ರಮ್ಮಿನ ಮೇಲ್ಭಾಗದಿಂದ ತೆಗೆದ ಮಾದರಿಗೆ 271 ಬಂತು. ಅದೇ ಡ್ರಮ್ಮಿನ ತಳದಿಂದ ತೆಗೆದಾಗ 206. ರಾತ್ರಿ ಪಾಳಿಯವರು ಹರಿದ ಜರಡಿಯಲ್ಲೇ ಮಾಲು ಓಡಿಸಿದ್ದಾರೆ ಎಂಬ ಮಾತು ಎದ್ದಿದೆ. ಕೆಲಸ ಶುರುಮಾಡುವ ಮೊದಲು ಮತ್ತು ಮುಗಿದ ಮೇಲೆ ಜರಡಿಯ ಹಿಂದೆ ಟಾರ್ಚ್ ಹಿಡಿದು ನೋಡಿದ್ದೇನೆ, ದಾಖಲೆಯಲ್ಲಿ ಬರೆದು ಸಹಿಯನ್ನೂ ಹಾಕಿದ್ದೇನೆ. ಮತ್ತೊಮ್ಮೆ ಮಿಲ್ ಮಾಡಿಬಿಡಿ ಎಂದು ಮೇಲಿನವರು ಹೇಳುತ್ತಿದ್ದಾರೆ. ಮಾಡಲೇ? ತಪ್ಪು ಎಲ್ಲಿದೆ ಎಂದು ತಿಳಿಯದೆ ಮಾಡಲು ಮನಸ್ಸು ಒಪ್ಪುತ್ತಿಲ್ಲ.

ಹಳೆಯ ಶಿಫ್ಟ್ ಇನ್‌ಚಾರ್ಜ್:

ತಮ್ಮಾ, ಸದ್ಯಕ್ಕೆ ಮಿಲ್ ಮಾಡಬೇಡ. ಜರಡಿ ಹರಿದಿದ್ದರೆ ತಳದಲ್ಲಿಯೂ ದಪ್ಪ ಕಾಳು ಸಿಗಬೇಕಿತ್ತು. ನಿನ್ನ ತಳದ ಅಳತೆ, ನೀನೇ ಹಿಡಿದ ಮಾದರಿಗಿಂತಲೂ ಸಣ್ಣದಿದೆ. ಪುಡಿ ಕೆಟ್ಟಿಲ್ಲ, ಬೇರ್ಪಟ್ಟಿದೆ.

ಸಿಂಧನೂರಿನಿಂದ ಟ್ರ್ಯಾಕ್ಟರಿನಲ್ಲಿ ಕುಲುಕುತ್ತಾ ಬಂದ ಅಕ್ಕಿ ಚೀಲವನ್ನು ಬಿಚ್ಚಿ ನೋಡು. ಮೇಲೆ ಇಡೀ ಅಕ್ಕಿ, ತಳದಲ್ಲಿ ನುಚ್ಚು. ಕುಲುಕಿದಾಗಲೆಲ್ಲ ದೊಡ್ಡ ಕಾಳುಗಳ ನಡುವೆ ಸಂದು ಬೀಳುತ್ತದೆ. ಆ ಸಂದಿಗೆ ಸಣ್ಣದು ಇಳಿಯುತ್ತದೆಯೇ ಹೊರತು ದೊಡ್ಡದು ಇಳಿಯಲಾರದು. ನಿನ್ನ ಡ್ರಮ್ಮಿನೊಳಗೆ ಆಗಿರುವುದೂ ಇದೇ. ಪುಡಿ ಕೋಣೆಯಿಂದ ಗೋದಾಮಿಗೆ ಡ್ರಮ್‌ಗಳು ಹೇಗೆ ಹೋಗುತ್ತವೆ ಎಂದು ಮೊದಲು ನೋಡು. ತುಂಬುವ ರೀತಿಯನ್ನೂ ನೋಡು. ಎತ್ತರದಿಂದ ನಡುವಿಗೆ ಸುರಿದರೆ ಚೀಲದೊಳಗೆ ರಾಶಿ ಏಳುತ್ತದೆ. ಕಣದಲ್ಲಿ ಭತ್ತದ ರಾಶಿ ಮಾಡುವಾಗ ಮಣ್ಣಿನ ಹೆಂಟೆಗಳೆಲ್ಲ ಅಂಚಿಗೆ ಉರುಳುವಂತೆ ದಪ್ಪ ಹರಳು ಬದಿಗೆ ಉರುಳುತ್ತದೆ, ಸಣ್ಣದು ನಡುವೆಯೇ ನಿಲ್ಲುತ್ತದೆ.

ಜೆಟ್‌ಮಿಲ್‌ನಲ್ಲಿ ಹತ್ತು ಮೈಕ್ರಾನಿಗಿಂತ ಸಣ್ಣದಾಗಿಸಿದ ಪುಡಿಯಲ್ಲಿ ಈ ತೊಂದರೆ ಅಷ್ಟಾಗಿ ಕಾಣುವುದಿಲ್ಲ. ಅಲ್ಲಿ ಕಣಕ್ಕೆ ಕಣ ಅಂಟಿಕೊಂಡು ಯಾವುದೂ ಜಾಗ ಬಿಟ್ಟು ಕದಲುವುದಿಲ್ಲ. ನಿನ್ನದು ಸರಾಗವಾಗಿ ಹರಿಯುವ ಪುಡಿ. ಹರಿಯುವ ಗುಣವೇ ಇಲ್ಲಿ ಮುಳುವಾಗಿದೆ.

ಮತ್ತೆ ಮಿಲ್ ಮಾಡಿದರೆ ಏನಾಗುತ್ತದೆ ಎಂಬುದನ್ನು ನಾನೇ ಅನುಭವಿಸಿದ್ದೇನೆ. ಹೀಗೆಯೇ ಒಂದು ಬ್ಯಾಚ್ ಫೇಲ್ ಆಗಿತ್ತು. ಮಿಲ್ಲಿನ ಅಲಗುಗಳ ಸುತ್ತಿಗೆಯಂಥ ಮೊಂಡು ಅಂಚು ಮುಂದಿಟ್ಟು ಇನ್ನೊಮ್ಮೆ ಓಡಿಸಿದೆವು. ಡಿ90 ಪಾಸಾಯಿತು, ಆದರೆ ಹಿಟ್ಟು ವಿಪರೀತವಾಯಿತು. ತಟ್ಟುವ ಮೊದಲು ಸಾಂದ್ರತೆ 0.42, ತಟ್ಟಿದ ಮೇಲೆ 0.62. ತಟ್ಟಿದಾಗ ಪುಡಿ ನೂರಕ್ಕೆ ಎಷ್ಟು ಕುಗ್ಗಿತು ಎಂದು ಹೇಳುವ ಕಾರ್ ಸೂಚ್ಯಂಕ 32. ಔಷಧ ಗುಣಮಟ್ಟದ ಗ್ರಂಥವಾದ ಫಾರ್ಮಕೋಪಿಯದ ಪಟ್ಟಿಯಲ್ಲಿ ಅದು ತೀರಾ ಕಳಪೆ ಹರಿವು. ಮಾತ್ರೆ ಮಾಡುವವರ ಯಂತ್ರಕ್ಕೆ ಪುಡಿ ಇಳಿಸುವ ಹಾಪರ್‌ನಲ್ಲಿ ಪುಡಿ ಕಮಾನು ಕಟ್ಟಿ ನಿಂತುಬಿಟ್ಟಿತು, ಪೂರ್ತಿ ಬ್ಯಾಚ್ ಹಿಂದಕ್ಕೆ ಬಂತು. ಹುಡುಗರು ಎರಡು ರಾತ್ರಿ ನಿದ್ದೆಗೆಟ್ಟು ಮಾಡಿದ್ದ ಕೆಲಸ. ಇಂದಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಉದ್ದದ ಸ್ಯಾಂಪ್ಲಿಂಗ್ ರಾಡ್ ಇಳಿಸಿ ಮೇಲೆ, ನಡುವೆ, ತಳ ಮೂರೂ ಕಡೆಯಿಂದ ತೆಗೆಸು. ಡ್ರಮ್ ಬಿಚ್ಚುವಾಗ ಸ್ಥಿರ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಅರ್ತಿಂಗ್ ಕ್ಲಿಪ್ ಹಾಕುವುದನ್ನು ಮರೆಯಬೇಡ. ನಮ್ಮ ಊರಿನ ಒಣ ಹವೆಯಲ್ಲಿ ಪಾಲಿಥಿನ್ ಚೀಲ ಎಳೆದರೆ ಸಾಕು, ಕೈಯ ರೋಮ ನಿಮಿರಿ ನಿಲ್ಲುತ್ತದೆ. ಪುಡಿಯ ಧೂಳು ಎದ್ದಿರುವ ಕಡೆ ಒಂದು ಕಿಡಿ ಸಾಕು.

ಲ್ಯಾಬ್‌ನಿಂದ, ಕೊಪ್ಪಳ:

ಅಣ್ಣ ಹೇಳಿದ್ದು ಸರಿ. ಪ್ರಯೋಗಾಲಯದ ಕಡೆಯದನ್ನು ನಾನು ಸೇರಿಸುತ್ತೇನೆ, ಏಕೆಂದರೆ ಇಲ್ಲಿಯೂ ಇದೇ ತಪ್ಪು ನಡೆಯುತ್ತದೆ. ನಿಮ್ಮ ಮಾದರಿ ಚೀಲ ನನ್ನ ಮೇಜಿಗೆ ಬರುವಷ್ಟರಲ್ಲಿ ಅದರೊಳಗೂ ನುಚ್ಚು ಕೆಳಗೆ ಇಳಿದಿರುತ್ತದೆ. ಉಪಕರಣಕ್ಕೆ ಬೇಕಾದದ್ದು ಒಂದು ಚಿಟಿಕೆ ಪುಡಿ. ಹೊಸಬರು ಚಮಚದಿಂದ ಮೇಲಿನದನ್ನೇ ಕೆರೆದು ಹಾಕುತ್ತಾರೆ. ನಾನು ಚೀಲವನ್ನು ನಿಧಾನವಾಗಿ ತಲೆಕೆಳಗು ಮಾಡಿ ಹೊರಳಿಸಿ, ರಾಶಿ ಹಾಕಿ, ನಾಲ್ಕು ಪಾಲು ಮಾಡಿ, ಎದುರು ಬದುರಿನ ಎರಡು ಪಾಲು ಉಳಿಸಿಕೊಂಡು, ಅದನ್ನೇ ಮತ್ತೆ ನಾಲ್ಕು ಮಾಡುತ್ತೇನೆ. ಹತ್ತು ನಿಮಿಷ ಹೋಗುತ್ತದೆ, ಹೋಗಲಿ.

ಪುಡಿಯನ್ನು ಗಾಳಿಯಿಂದ ಚದುರಿಸುವ ಒಣ ವಿಧಾನದಲ್ಲಿ ಅಳೆಯುತ್ತಿದ್ದರೆ ಗಾಳಿಯ ಒತ್ತಡ ಎಷ್ಟಿದೆ ಎಂದು ಕೇಳಿ. ಒಂದು ಬಾರ್‌ನಲ್ಲಿ ಗಂಟು ಬಿಡದೆ ದೊಡ್ಡದಾಗಿ ಕಾಣಬಹುದು, ಮೂರು ಬಾರ್‌ನಲ್ಲಿ ಹರಳೇ ಒಡೆದು ಸಣ್ಣದಾಗಬಹುದು. ಎರಡು ಮಾದರಿಯನ್ನೂ ಒಂದೇ ಒತ್ತಡದಲ್ಲಿ ಅಳೆದಿದ್ದಾರೆಯೇ? ಹರಳಿನ ಆಕಾರವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ಸೂಜಿಯಂಥ ಹರಳು ಜರಡಿಯ ಕಣ್ಣಿನಲ್ಲಿ ನೆಟ್ಟಗೆ ನಿಂತು ಇಳಿದುಬಿಡುತ್ತದೆ. 40 ಮೆಶ್‌ನ ಕಣ್ಣು 425 ಮೈಕ್ರಾನ್ ಅಗಲ. ಅದಕ್ಕಿಂತ ಉದ್ದದ ಸೂಜಿ ದಾಟಿದರೆ ಜರಡಿ ಹರಿದಿದೆ ಎಂದು ಅರ್ಥವಲ್ಲ.

ಒಂದು ಮಾತನ್ನು ಮಾತ್ರ ಬೇಡಿಕೊಳ್ಳುತ್ತೇನೆ. ತಳದಲ್ಲಿ 206 ಬಂತಲ್ಲ, ಅದನ್ನೇ ವರದಿ ಮಾಡಿ ಮುಗಿಸೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪಾಸಾಗುವ ತನಕ ಪರೀಕ್ಷಿಸುವ ಪದ್ಧತಿಯನ್ನು 1993ರಲ್ಲಿ ಬಾರ್ ಲ್ಯಾಬೊರೇಟರೀಸ್ ಎಂಬ ಔಷಧ ಕಂಪನಿಯ ಪ್ರಕರಣದಲ್ಲಿ ಅಮೆರಿಕದ ನ್ಯಾಯಾಲಯವೇ ತಳ್ಳಿಹಾಕಿದೆ. 271 ಕೂಡ ನಿಜವಾದ ಅಳತೆ. ಆ ಡ್ರಮ್ಮಿನ ಮೇಲ್ಭಾಗದ ಪುಡಿಯೂ ಯಾರದೋ ಮಾತ್ರೆಗೆ ಸೇರುತ್ತದೆ. ಗಜಕರ್ಣಕ್ಕೆ ಕೊಡುವ ಗ್ರಿಸಿಯೋಫಲ್ವಿನ್ ಅನ್ನು ಸಣ್ಣಗೆ ಅರೆದಾಗ ಅರ್ಧ ಪ್ರಮಾಣವೇ ಸಾಕಾಯಿತು. ಕಣದ ಅಳತೆಗೆ ರೋಗಿಯ ಹೊಟ್ಟೆಯಲ್ಲಿ ಅಷ್ಟು ಬೆಲೆ ಇದೆ.

ರಾತ್ರಿಪಾಳಿ, ರಾಯಚೂರು:

ಹನ್ನೆರಡು ದಿನದ ನಂತರ ಬರೆಯುತ್ತಿದ್ದೇನೆ. ಅಣ್ಣ, ಅಕ್ಕ, ಇಬ್ಬರಿಗೂ ಕೈಮುಗಿಯುತ್ತೇನೆ.

ಟ್ರಾಲಿಯ ಹಿಂದೆಯೇ ನಡೆದು ಹೋದೆ. ಪುಡಿ ಕೋಣೆಯ ಕಟ್ಟಡದಿಂದ ಗೋದಾಮಿನವರೆಗೆ ಸಿಮೆಂಟ್ ರಸ್ತೆ, ಅದರ ಪ್ರತಿ ಕೀಲೂ ಒಡೆದಿದೆ. ಟ್ರಾಲಿಗೆ ಕಬ್ಬಿಣದ ಚಕ್ರ. ಡ್ರಮ್ಮಿನ ಮೇಲೆ ಅಂಗೈ ಇಟ್ಟುಕೊಂಡೇ ನಡೆದೆ. ಗೋದಾಮು ಮುಟ್ಟುವಷ್ಟರಲ್ಲಿ ಮೊಣಕೈವರೆಗೆ ಜುಮ್ಮೆನ್ನುತ್ತಿತ್ತು.

ಮುಂದಿನ ಬ್ಯಾಚಿನಲ್ಲಿ, ಅನುಮತಿ ಪಡೆದು, ಒಂದು ಡ್ರಮ್ಮನ್ನು ಕದಲಿಸದೆ ಪುಡಿ ಕೋಣೆಯಲ್ಲೇ ಇಟ್ಟೆವು. ರಾಡ್ ಇಳಿಸಿ ತೆಗೆದಾಗ ಮೇಲೆ 236, ತಳದಲ್ಲಿ 224. ಅದೇ ಡ್ರಮ್ಮನ್ನು ಟ್ರಾಲಿಯಲ್ಲಿ ಗೋದಾಮಿಗೆ ಒಯ್ದು ಮತ್ತೆ ತೆಗೆದಾಗ ಮೇಲೆ 262, ತಳದಲ್ಲಿ 211. ಎಲ್ಲವನ್ನೂ ಒಂದೇ ಒತ್ತಡದಲ್ಲಿ, ನಾಲ್ಕು ಪಾಲು ಮಾಡಿಯೇ ಅಳೆದರು. ಈ ಕಾಗದವನ್ನು ಮುಂದಿಟ್ಟ ಮೇಲೆ ಜರಡಿಯ ಮಾತು ನಿಂತಿತು. ಮೊದಲಿನ ಬ್ಯಾಚನ್ನು ಮಿಲ್ ಮಾಡಿಲ್ಲ, ತನಿಖೆ ಮುಗಿಯುವವರೆಗೆ ತಡೆದಿಟ್ಟಿದ್ದಾರೆ. ರಬ್ಬರ್ ಚಕ್ರಕ್ಕೆ ಬೇಡಿಕೆ ಹೋಗಿದೆ. ತುಂಬುವ ಮೊದಲು ಬ್ಲೆಂಡರ್‌ನಲ್ಲಿ ಹದಿನೈದು ನಿಮಿಷ ತಿರುಗಿಸೋಣ ಎಂಬ ಮಾತೂ ಇದೆ. ಅದರಿಂದ ಪೂರ್ತಿ ಸರಿಹೋಗುತ್ತದೆಯೇ?

ಹಳೆಯ ಶಿಫ್ಟ್ ಇನ್‌ಚಾರ್ಜ್:

ಭೇಷ್ ತಮ್ಮಾ. ಬ್ಲೆಂಡರ್ ಮಾತ್ರ ಇದಕ್ಕೆ ಪೂರ್ತಿ ಮದ್ದಲ್ಲ. ಅದು ಡ್ರಮ್ಮಿನಿಂದ ಡ್ರಮ್ಮಿಗೆ ಇರುವ ವ್ಯತ್ಯಾಸವನ್ನು ಅಳಿಸುತ್ತದೆ. ಕುಲುಕಿದರೆ ಮತ್ತೆ ಬೇರ್ಪಡುತ್ತದೆ, ಏಕೆಂದರೆ ದಪ್ಪದ್ದೂ ಸಣ್ಣದ್ದೂ ಅದರಲ್ಲಿ ಹಾಗೆಯೇ ಉಳಿದಿರುತ್ತವೆ. ಬೇರು ಹರಳುಗಟ್ಟಿಸುವ ರಿಯಾಕ್ಟರ್‌ನಲ್ಲಿದೆ. ಅವಸರದಲ್ಲಿ ಅದರ ಹೊರಗವಸಾದ ಜಾಕೆಟ್‌ಗೆ ತಣ್ಣೀರು ಬಿಟ್ಟರೆ ಒಮ್ಮೆಗೇ ಲೆಕ್ಕವಿಲ್ಲದಷ್ಟು ಸಣ್ಣ ಹರಳು ಹುಟ್ಟುತ್ತವೆ, ಮೊದಲು ಹುಟ್ಟಿದವು ಅಷ್ಟರಲ್ಲಿ ದಪ್ಪಗಾಗಿರುತ್ತವೆ. ಸರಿಯಾದ ಉಷ್ಣತೆಯಲ್ಲಿ ಬೀಜದ ಹರಳು (ಮೊದಲೇ ಸಿದ್ಧಮಾಡಿದ ಅದೇ ವಸ್ತುವಿನ ಸಣ್ಣ ಹರಳು) ಹಾಕಿ ನಿಧಾನವಾಗಿ ತಣಿಸಿದರೆ ಎಲ್ಲವೂ ಹತ್ತಿರ ಹತ್ತಿರ ಒಂದೇ ಗಾತ್ರಕ್ಕೆ ಬೆಳೆಯುತ್ತವೆ. ಆ ವಿಭಾಗದವರ ಬಳಿ ಕಳೆದ ಹತ್ತು ಬ್ಯಾಚುಗಳ ತಣಿಸಿದ ಸಮಯವನ್ನು ಕೇಳಿ ತೆಗೆದುಕೊಂಡು, ನಿನ್ನ ಡಿ90ರ ಪಕ್ಕದಲ್ಲಿ ಬರೆದು ನೋಡು. ಬರೆದ ಮೇಲೆ ಇಲ್ಲಿ ಹಾಕು, ಕೂತು ನೋಡೋಣ.